ಹಿತ್ತಿಲಲ್ಲಿ ಮೀನಿನ ಕೊಳ: ಹೊಸದು ಕಟ್ಟುವುದು, ಹಳೆಯದನ್ನು ಸರಿಪಡಿಸುವುದು

"ಎಷ್ಟು ಆಳ ತೋಡಿಸಲಿ?" "ನೀರು ಹಸಿರಾಗಿದೆ, ಏನು ಹಾಕಲಿ?" "ಮೀನು ಬಿಟ್ಟು ವಾರ ಆಗಿಲ್ಲ, ಒಂದೊಂದೇ ಸಾಯುತ್ತಿವೆ, ಯಾಕೆ?" ಈ ಮೂರು ಪ್ರಶ್ನೆಗಳು ತಿರುಗಿ ತಿರುಗಿ ಬರುತ್ತವೆ. ಪ್ರತಿ ಸಲ ತುಂಡು ತುಂಡಾಗಿ ಉತ್ತರ ಕೊಡುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದುಬಿಡೋಣ ಅನ್ನಿಸಿತು.

ಮೊದಲೇ ಹೇಳಿಬಿಡುತ್ತೇನೆ. ಎರಡನೇ ಮತ್ತು ಮೂರನೇ ಪ್ರಶ್ನೆಗಳ ಬೇರು ಹೆಚ್ಚಿನ ಸಲ ಮೊದಲನೇ ಪ್ರಶ್ನೆಯಲ್ಲೇ ಇರುತ್ತದೆ. ಕೊಳ ಚಿಕ್ಕದು, ಮೀನು ಜಾಸ್ತಿ, ಅವಸರ ಅದಕ್ಕಿಂತ ಜಾಸ್ತಿ. ಆಮೇಲೆ ಯಾವ ಔಷಧಿ ಬಾಟಲಿ ತಂದು ಸುರಿದರೂ ಪ್ರಯೋಜನ ಅಷ್ಟಕ್ಕಷ್ಟೇ. ಅದಕ್ಕೇ ಇಲ್ಲಿ ತೋಡುವುದಕ್ಕಿಂತ ನೀರಿನ ಬಗ್ಗೆಯೇ ಹೆಚ್ಚು ಬರೆದಿದ್ದೇನೆ. ಈಗಾಗಲೇ ಕೊಳ ಇದ್ದವರು 8ನೇ ಹಂತ ಓದಿಕೊಂಡು ನೇರ ಕೊನೆಯ ಭಾಗಕ್ಕೆ ಹೋಗಬಹುದು.

ಹಂತ 1: ಮೊದಲು ಮೀನು, ಆಮೇಲೆ ಗುಂಡಿ

ಗುಂಡಿ ತೋಡಿ ಮುಗಿದ ಮೇಲೆ "ಇದಕ್ಕೆ ಯಾವ ಮೀನು ಬಿಡಲಿ" ಅಂತ ಕೇಳುವವರೇ ಜಾಸ್ತಿ. ಅದು ಉಲ್ಟಾ ಲೆಕ್ಕ. ಯಾವ ಮೀನು ಅನ್ನುವುದರ ಮೇಲೆ ಆಳ, ನೀರಿನ ಪ್ರಮಾಣ, ಪಂಪ್ ಎಲ್ಲವೂ ನಿಂತಿದೆ.

ಗಪ್ಪಿಯಂಥ ಪುಟ್ಟ ಮೀನಾದರೆ ಒಂದೂವರೆ ಅಡಿ ಆಳ, ಮುನ್ನೂರು ನಾನೂರು ಲೀಟರ್ ನೀರು ಸಾಕು. ಬಿಸಿ ಹವೆ ಇರುವ ಕಡೆ ವರ್ಷಪೂರ್ತಿ ಹೊರಗೇ ಇರುತ್ತವೆ, ಸೊಳ್ಳೆ ಮರಿಗಳನ್ನೂ ತಿಂದು ಹಾಕುತ್ತವೆ. ಜಾಗ ಕಡಿಮೆ ಇದ್ದವರಿಗೆ ಇದೇ ಒಳ್ಳೆಯದು.

ಗೋಲ್ಡ್‌ಫಿಶ್ ಅಂದರೆ ಗಾಜಿನ ಬಟ್ಟಲಿನ ಮೀನು ಅಂತ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಕಾಮೆಟ್, ಕಾಮನ್ ಅನ್ನುವ ಒಂಟಿ ಬಾಲದ ಜಾತಿಗಳು ಕೊಳದಲ್ಲಿ ಒಂದು ಅಡಿ ಹತ್ತಿರ ಬೆಳೆಯುತ್ತವೆ. ಎರಡು ಅಡಿಗೆ ಕಡಿಮೆಯಿಲ್ಲದ ಆಳ ಬೇಕು, ಒಂದೊಂದು ಮೀನಿಗೆ ಸುಮಾರು 200 ಲೀಟರ್ ಲೆಕ್ಕ ಹಿಡಿಯಿರಿ, ಒಟ್ಟು 1000 ಲೀಟರ್‌ಗಿಂತ ಕೆಳಗೆ ಇಳಿಯಬೇಡಿ. ಒರಾಂಡಾದಂಥ ಗುಂಡು ಮೈಯ, ಜೋಡಿ ಬಾಲದ ಜಾತಿಗಳನ್ನು ಇವುಗಳ ಜೊತೆ ಬಿಡಬೇಡಿ. ಅವು ನಿಧಾನ, ಊಟದ ಹೊತ್ತಿಗೆ ಕಾಮೆಟ್‌ಗಳು ಎಲ್ಲ ಬಾಚಿಕೊಂಡು ಹೋಗಿರುತ್ತವೆ.

ಕೋಯಿ ಬೇರೆಯೇ ಲೆಕ್ಕ. ಎರಡು ಅಡಿ ಉದ್ದ ಬೆಳೆಯುವ, ಚೆನ್ನಾಗಿ ನೋಡಿಕೊಂಡರೆ ಇಪ್ಪತ್ತು ಮೂವತ್ತು ವರ್ಷ ಬದುಕುವ ಮೀನು ಅದು. ನಾಲ್ಕು ಅಡಿ ಆಳ, ಮೀನಿಗೆ 1000 ಲೀಟರ್, ಒಟ್ಟು ಕನಿಷ್ಠ 5000 ಲೀಟರ್. ಇಷ್ಟು ಜಾಗ ಇಲ್ಲ ಅಂದರೆ ಕೋಯಿ ಆಸೆ ಬಿಡಿ. ಮರಿ ಬೆರಳುದ್ದ ಇದೆ ಅಂತ ಮೋಸ ಹೋಗಬೇಡಿ.

"ಪಾಚಿ ತಿನ್ನುತ್ತೆ, ಕೊಳ ತಾನೇ ಕ್ಲೀನ್ ಆಗುತ್ತೆ" ಅಂತ ಸಕ್ಕರ್ ಫಿಶ್ ಕೊಡುತ್ತಾರೆ, ಅಲ್ವಾ? ಬೇಡ. ಅದೂ ಒಂದಡಿ ದಾಟಿ ಬೆಳೆಯುತ್ತದೆ, ತಿಂದಷ್ಟೂ ಹಿಕ್ಕೆ ಹಾಕುತ್ತದೆ, ನಿಧಾನದ ಮೀನುಗಳ ಮೈಯ ಲೋಳೆಗೂ ಬಾಯಿ ಹಚ್ಚುತ್ತದೆ. ಯಾವ ಮೀನಾದರೂ ಸರಿ, ಬೇಡವಾಯಿತು ಅಂತ ಕೆರೆಗೋ ಹೊಳೆಗೋ ಮಾತ್ರ ಬಿಡಬೇಡಿ. ಹೊರಗಿನ ಜಾತಿಗಳು ಅಲ್ಲಿ ಬೇರೂರಿದರೆ ಅಲ್ಲಿನ ಮೀನುಗಳಿಗೆ ಜಾಗವೇ ಉಳಿಯುವುದಿಲ್ಲ.

ಹಂತ 2: ಜಾಗ

ದಿನಕ್ಕೆ ನಾಲ್ಕೈದು ಗಂಟೆ ಬಿಸಿಲು ಬೀಳುವ ಜಾಗ ಒಳ್ಳೆಯದು. ನೈದಿಲೆ ಹೂ ಬಿಡಲು ಬಿಸಿಲು ಬೇಕು. ಇಡೀ ದಿನ ಬಿಸಿಲಾದರೆ ನೀರು ಕಾಯುತ್ತದೆ, ಪಾಚಿಗೂ ಹಬ್ಬ. ಮಧ್ಯಾಹ್ನದ ಮೇಲೆ ನೆರಳು ಬಂದರೆ ಸರಿಯಾಗುತ್ತದೆ.

ಮರದ ಕೆಳಗೆ ಬೇಡ. ಎಲೆ ಬಿದ್ದು ಕೊಳೆಯುತ್ತದೆ, ಬೇರು ಗುಂಡಿಗೆ ಹಾಸುವ ಹಾಳೆಗೆ, ಅಂದರೆ ಲೈನರ್‌ಗೆ, ತೊಂದರೆ ಕೊಡುತ್ತದೆ. ಹಿತ್ತಿಲಿನ ತೀರಾ ತಗ್ಗಿನ ಮೂಲೆಯೂ ಬೇಡ. "ಅಲ್ಲಿ ಹೇಗೂ ನೀರು ನಿಲ್ಲುತ್ತೆ" ಅಂತ ಅದನ್ನೇ ಆರಿಸುವವರಿದ್ದಾರೆ. ಮಳೆ ಬಂದಾಗ ಗೊಬ್ಬರ, ಕೀಟನಾಶಕ, ಮಣ್ಣು ಎಲ್ಲ ತೊಳೆದುಕೊಂಡು ಬರುವುದು ಅಲ್ಲಿಗೇ. ತೋಡುವ ಮುಂಚೆ ನೆಲದಡಿ ನೀರಿನ ಪೈಪ್, ಒಳಚರಂಡಿ, ಕರೆಂಟ್ ಕೇಬಲ್ ಹಾದಿದೆಯಾ ನೋಡಿಕೊಳ್ಳಿ. ಮನೆ ಗೋಡೆಗೆ ತೀರಾ ಹತ್ತಿರ ಹೋಗಬೇಡಿ.

ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಜಾಗ ಆರಿಸುವ ಮೊದಲೇ ಬೇಲಿಯನ್ನೋ ಗಟ್ಟಿ ಜಾಲರಿಯನ್ನೋ ಲೆಕ್ಕಕ್ಕೆ ಸೇರಿಸಿ. ಮೊಣಕಾಲುದ್ದ ನೀರೂ ಮಗುವಿಗೆ ಅಪಾಯವೇ. ಇದರಲ್ಲಿ ರಾಜಿ ಬೇಡ.

ಹಂತ 3: ಅಳತೆ ಮತ್ತು ಲೆಕ್ಕ

ನೆಲದ ಮೇಲೆ ಹಗ್ಗವನ್ನೋ ನೀರಿನ ಪೈಪನ್ನೋ ಹಾಸಿ ಆಕಾರ ನೋಡಿ. ಎರಡು ಮೂರು ದಿನ ಹಾಗೇ ಬಿಡಿ. ಬಿಸಿಲು ಎಲ್ಲಿ ಬೀಳುತ್ತದೆ, ಓಡಾಡಲು ಜಾಗ ಉಳಿಯುತ್ತದಾ, ಒಳಗಿಂದ ನೋಡಿದರೆ ಕಾಣುತ್ತದಾ ಅನ್ನುವುದು ಗೊತ್ತಾಗುತ್ತದೆ. ಆಕಾರ ಸರಳವಾಗಿರಲಿ. ಒಳಗೆ ಹೊರಗೆ ಹತ್ತು ತಿರುವು ಇದ್ದರೆ ನೀರು ಸುತ್ತಾಡದ ಮೂಲೆಗಳು ಹುಟ್ಟುತ್ತವೆ, ಕಸವೆಲ್ಲ ಅಲ್ಲೇ ಕೂರುತ್ತದೆ, ಲೈನರ್ ಮಡಿಕೆ ಬೀಳುತ್ತದೆ.

ನೀರಿನ ಲೆಕ್ಕ ಹೀಗೆ: ಉದ್ದ, ಅಗಲ, ಆಳ ಮೂರನ್ನೂ ಅಡಿಯಲ್ಲಿ ಗುಣಿಸಿ, ಬಂದದ್ದನ್ನು 28ರಿಂದ ಗುಣಿಸಿ. 10 ಅಡಿ ಉದ್ದ, 6 ಅಡಿ ಅಗಲ, 3 ಅಡಿ ಆಳದ ಚೌಕಟ್ಟಾದರೆ 180 ಘನ ಅಡಿ, ಅಂದರೆ ಸುಮಾರು 5000 ಲೀಟರ್. ಮೊಟ್ಟೆಯಾಕಾರವಾದರೆ ಅದರಲ್ಲಿ ಐದನೇ ಒಂದು ಭಾಗ ಕಳೆಯಿರಿ. ಮೆಟ್ಟಿಲು, ಕಲ್ಲು ಇದ್ದರೆ ಇನ್ನೂ ಕಡಿಮೆ. ಈ ಸಂಖ್ಯೆಯನ್ನು ಎಲ್ಲಾದರೂ ಬರೆದಿಟ್ಟುಕೊಳ್ಳಿ. ಮುಂದೆ ಪಂಪ್ ಕೊಳ್ಳುವಾಗ, ಔಷಧಿ ಹಾಕುವಾಗ, ಮೀನು ಎಣಿಸುವಾಗ ಎಲ್ಲದಕ್ಕೂ ಬೇಕಾಗುತ್ತದೆ. ಅಂದಾಜಿಗೆ ಔಷಧಿ ಸುರಿದು ಮೀನು ಕಳೆದುಕೊಂಡವರು ಕಡಿಮೆ ಇಲ್ಲ.

ದೊಡ್ಡದೋ ಚಿಕ್ಕದೋ ಅನ್ನುವ ಗೊಂದಲ ಬಂದರೆ ದೊಡ್ಡದನ್ನೇ ಮಾಡಿ. ನೀರು ಜಾಸ್ತಿ ಇದ್ದಷ್ಟೂ ಅದರ ಬಿಸಿ, ಅದರ ಗುಣ ನಿಧಾನ ಬದಲಾಗುತ್ತದೆ. ನಿಮಗೆ ತಪ್ಪು ತಿದ್ದಿಕೊಳ್ಳಲು ಸಮಯ ಸಿಗುತ್ತದೆ. ಚಿಕ್ಕ ಕೊಳದಲ್ಲಿ ಬೆಳಿಗ್ಗೆ ಆದ ಎಡವಟ್ಟು ಸಂಜೆಗೆ ಮೀನನ್ನು ತೇಲಿಸುತ್ತದೆ.

ಹಂತ 4: ತೋಡುವುದು

ಪಕ್ಕದ ಗೋಡೆಗಳು ಹೆಚ್ಚುಕಡಿಮೆ ನೆಟ್ಟಗಿರಲಿ. ಮಣ್ಣು ಕುಸಿಯುವಂಥದಾದರೆ ಮಾತ್ರ ಸ್ವಲ್ಪ ಇಳಿಜಾರು ಕೊಡಿ. ಬಟ್ಟಲಿನ ಹಾಗೆ ಇಳಿಜಾರು ಮಾಡಿದರೆ ಕೊಕ್ಕರೆ ಆರಾಮಾಗಿ ನಡೆದುಕೊಂಡು ಬಂದು ಮೀನು ಹೆಕ್ಕುತ್ತದೆ. ಗಿಡದ ಕುಂಡ ಇಡಲು ಒಂದು ಬದಿಯಲ್ಲಿ ಮುಕ್ಕಾಲು ಅಡಿಯಿಂದ ಒಂದು ಅಡಿ ಆಳದಲ್ಲಿ ಮೆಟ್ಟಿಲು ಬಿಡಿ. ಸುತ್ತ ಎಲ್ಲ ಕಡೆ ಬೇಡ, ಒಂದು ಬದಿ ಸಾಕು. ತಳ ಒಂದು ಮೂಲೆಗೆ ಸ್ವಲ್ಪ ಇಳಿಯುವಂತಿದ್ದರೆ ಕೆಸರು ಅಲ್ಲಿ ಸೇರುತ್ತದೆ, ತೆಗೆಯಲು ಸುಲಭ.

ಅಂಚಿನ ಮಟ್ಟದ ಬಗ್ಗೆ ಸ್ವಲ್ಪ ಹಠ ಹಿಡಿಯಿರಿ. ಉದ್ದದ ಹಲಗೆ ಅಡ್ಡ ಇಟ್ಟು ಅದರ ಮೇಲೆ ರಸಮಟ್ಟ ಇಟ್ಟು ನೋಡಿ. ಕೊಳ ದೊಡ್ಡದಾದರೆ ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಗಾರೆಯವರು ಮಟ್ಟ ಹಿಡಿಯುತ್ತಾರಲ್ಲ, ಹಾಗೆ ಮಾಡಿ. ಎರಡು ಇಂಚು ವ್ಯತ್ಯಾಸ ಬಂದರೂ ನೀರು ತುಂಬಿದ ದಿನ ಎದ್ದು ಕಾಣುತ್ತದೆ, ಒಂದು ಕಡೆ ನೀರು ಹೊರಚೆಲ್ಲುತ್ತದೆ, ಇನ್ನೊಂದು ಕಡೆ ಲೈನರ್ ಬೆತ್ತಲಾಗಿ ನಿಂತಿರುತ್ತದೆ. ಆಮೇಲೆ ಸರಿಮಾಡುವುದು ದೊಡ್ಡ ತಲೆನೋವು.

ಅಂಚು ಸುತ್ತಲಿನ ನೆಲಕ್ಕಿಂತ ಮೂರ್ನಾಲ್ಕು ಇಂಚು ಎತ್ತರ ಇರಲಿ. ಮಳೆನೀರು ಒಳಗೆ ಹರಿಯಬಾರದು. ಹಾಗೆಯೇ ಹೆಚ್ಚಾದ ನೀರು ಹೋಗಲು ಒಂದು ಪೈಪ್ ಬಿಟ್ಟು ಅದರ ಬಾಯಿಗೆ ಜಾಲರಿ ಕಟ್ಟಿ. ಇಲ್ಲದಿದ್ದರೆ ಜೋರು ಮಳೆಯ ಮಾರನೇ ದಿನ ಮೀನುಗಳನ್ನು ಹುಲ್ಲಿನ ಮೇಲೆ ಹುಡುಕಬೇಕಾಗುತ್ತದೆ.

ಹಂತ 5: ಲೈನರ್ ಅಥವಾ ಸಿಮೆಂಟ್

ಲೈನರ್ ಅಂದರೆ ಗುಂಡಿಗೆ ಹಾಸುವ ನೀರು ಸೋರದ ಹಾಳೆ. ಹಲವು ಬಗೆ ಇವೆ. ಇಪಿಡಿಎಂ ಅನ್ನುವ ರಬ್ಬರ್ ಹಾಳೆ ಮೆತ್ತಗಿರುತ್ತದೆ, ಮೂಲೆಗೆ ಚೆನ್ನಾಗಿ ಕೂರುತ್ತದೆ, ಬಹಳ ವರ್ಷ ಬಾಳುತ್ತದೆ. ಸುಮಾರು ಒಂದು ಮಿಲಿಮೀಟರ್ ದಪ್ಪದ್ದು ತೆಗೆದುಕೊಳ್ಳಿ. ಛಾವಣಿಗೆ ಹಾಕುವ ಹಾಳೆಯಲ್ಲಿ ಮೀನಿಗೆ ಆಗದ ರಾಸಾಯನಿಕ ಇರಬಹುದು, ಮೀನಿಗೆ ಸುರಕ್ಷಿತ ಅಂತ ಬರೆದದ್ದನ್ನೇ ಕೇಳಿ. ಪಿವಿಸಿ ಕೂಡ ನಡೆಯುತ್ತದೆ, ಆಯಸ್ಸು ಕಡಿಮೆ. ಎಚ್‌ಡಿಪಿಇ ಹಾಳೆ ಗಟ್ಟಿ, ಆದರೆ ಬಿರುಸು. ದೊಡ್ಡ, ನೇರ ಗೋಡೆಯ ಕೊಳಕ್ಕೆ ಸರಿ, ತಿರುವುಗಳಿಗೆ ಬಗ್ಗುವುದಿಲ್ಲ. ಬರೀ ತೆಳು ಟಾರ್ಪಾಲಿನ್ ಹಾಕಿ ದುಡ್ಡು ಉಳಿಸಿದೆ ಅಂದುಕೊಳ್ಳಬೇಡಿ, ಬಿಸಿಲಿಗೆ ಬೇಗ ಹರಿಯುತ್ತದೆ.

ಹಾಳೆಯ ಅಳತೆ: ಉದ್ದಕ್ಕೆ ಆಳದ ಎರಡರಷ್ಟು ಸೇರಿಸಿ, ಅಂಚಿಗೆ ಇನ್ನೆರಡು ಅಡಿ ಸೇರಿಸಿ. ಅಗಲಕ್ಕೂ ಹಾಗೇ. ಮೇಲಿನ ಉದಾಹರಣೆಯ ಕೊಳಕ್ಕೆ ಉದ್ದ 10+6+2, ಅಂದರೆ 18 ಅಡಿ. ಅಗಲ 6+6+2, ಅಂದರೆ 14 ಅಡಿ.

ಹಾಸುವ ಮೊದಲು ಕೈಯಲ್ಲಿ ಸವರಿ ಚೂಪು ಕಲ್ಲು, ಬೇರಿನ ತುಂಡು ಎಲ್ಲ ತೆಗೆಯಿರಿ. ಕೆಳಗೆ ದಪ್ಪ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿ. ಇದು ನೂಲಿನ ಕಂಬಳಿಯಂಥ ಹಾಳೆ, ಕಲ್ಲು ಚುಚ್ಚದಂತೆ ತಡೆಯುತ್ತದೆ. ಹಾಳೆಯನ್ನು ಸಡಿಲವಾಗಿ ಬಿಟ್ಟು ನಿಧಾನವಾಗಿ ನೀರು ತುಂಬಿ, ತುಂಬುತ್ತಾ ಮಡಿಕೆಗಳನ್ನು ಸರಿಮಾಡಿ. ನೀರು ಪೂರ್ತಿ ತುಂಬಿ ಒಂದು ದಿನ ಕಳೆಯುವವರೆಗೆ ಅಂಚು ಕತ್ತರಿಸಬೇಡಿ. ನೀರಿನ ಭಾರಕ್ಕೆ ಹಾಳೆ ಇನ್ನೂ ಇಳಿಯುತ್ತದೆ.

ಸಿಮೆಂಟ್ ಕೊಳ ಗಟ್ಟಿಮುಟ್ಟು, ಆದರೆ ಹೊಸ ಸಿಮೆಂಟಿನಿಂದ ಸುಣ್ಣ ನೀರಿಗೆ ಬಿಡುತ್ತಿರುತ್ತದೆ. ಅದರಿಂದ ಪಿಎಚ್ ಏರುತ್ತದೆ. ಪಿಎಚ್ ಅಂದರೆ ನೀರು ಹುಳಿಯೋ ಕ್ಷಾರವೋ ಅನ್ನುವ ಅಳತೆ, 7 ನಡುಮಟ್ಟ, ಕೊಳದ ಮೀನಿಗೆ 7ರಿಂದ 8.5ರವರೆಗೆ ಹೊಂದುತ್ತದೆ. ಹೊಸ ಸಿಮೆಂಟ್ ತೊಟ್ಟಿಯಲ್ಲಿ ಅದು ಇದನ್ನೂ ದಾಟಿ ಹೋಗುತ್ತದೆ, ಮೀನಿನ ಕಿವಿರು ಸುಡುತ್ತದೆ. ಚೆನ್ನಾಗಿ ಕ್ಯೂರಿಂಗ್ ಆದ ಮೇಲೆ ನೀರು ತುಂಬಿ ಕೆಲವು ದಿನ ಬಿಟ್ಟು ಚೆಲ್ಲಿ, ಮತ್ತೆ ತುಂಬಿ, ಪಿಎಚ್ ಇಳಿದು ನಿಲ್ಲುವವರೆಗೂ ಇದನ್ನೇ ಮಾಡಿ. ಇಲ್ಲವೇ ಮೀನಿಗೆ ಸುರಕ್ಷಿತವಾದ ಲೇಪನ ಬಳಿಯಿರಿ.

ಹಂತ 6: ಪಂಪ್ ಮತ್ತು ಫಿಲ್ಟರ್

ಗೋಲ್ಡ್‌ಫಿಶ್ ಕೊಳದ ಪೂರ್ತಿ ನೀರು ಎರಡು ಗಂಟೆಗೆ ಒಮ್ಮೆ ಫಿಲ್ಟರ್ ಮೂಲಕ ಹಾದು ಬರಬೇಕು. ಕೋಯಿಗೆ ಗಂಟೆಗೆ ಒಮ್ಮೆ. 5000 ಲೀಟರ್ ಗೋಲ್ಡ್‌ಫಿಶ್ ಕೊಳಕ್ಕೆ ಗಂಟೆಗೆ 2500 ಲೀಟರ್ ಎತ್ತುವ ಪಂಪ್ ಬೇಕು ಅಂತಾಯಿತು. ಆದರೆ ಡಬ್ಬದ ಮೇಲೆ ದೊಡ್ಡದಾಗಿ ಬರೆದಿರುವ ಸಂಖ್ಯೆ ಸೊನ್ನೆ ಎತ್ತರದ್ದು. ಎತ್ತರ ಹೆಚ್ಚಿದಂತೆ, ಪೈಪ್ ಸಣ್ಣದಾದಂತೆ, ಬಾಗು ಜಾಸ್ತಿಯಾದಂತೆ ಹರಿವು ಇಳಿಯುತ್ತದೆ. ಡಬ್ಬದ ಹಿಂಬದಿಯಲ್ಲಿ "ಹೆಡ್" ಅಂತ ಒಂದು ಪಟ್ಟಿ ಇರುತ್ತದೆ, ಎಷ್ಟು ಎತ್ತರಕ್ಕೆ ಎಷ್ಟು ನೀರು ಅಂತ. ನೋಡಬೇಕಾದ್ದು ಅದನ್ನು.

ಫಿಲ್ಟರ್ ಎರಡು ಕೆಲಸ ಮಾಡುತ್ತದೆ. ಬ್ರಶ್, ಸ್ಪಂಜು ಕಣ್ಣಿಗೆ ಕಾಣುವ ಕಸ ಹಿಡಿಯುತ್ತವೆ. ಅದರ ನಂತರ ಬರುವ ಜಲ್ಲಿ, ಬಯೋ ಬಾಲ್, ಪ್ಲಾಸ್ಟಿಕ್ ಜಾಲರಿ ತುಂಡುಗಳ ಮೇಲೆ ಬ್ಯಾಕ್ಟೀರಿಯಾ ಮನೆ ಮಾಡುತ್ತವೆ. ಕಣ್ಣಿಗೆ ಕಾಣದ ವಿಷ ತೆಗೆಯುವುದು ಇವೇ. ಮನೆಯಲ್ಲೇ ಡ್ರಮ್ಮಿನಿಂದ ಮಾಡಿಕೊಳ್ಳಬಹುದು: ನೀರು ಡ್ರಮ್ಮಿನ ತಳಕ್ಕೆ ಬರಬೇಕು, ಸ್ಪಂಜು ದಾಟಿ, ಜಲ್ಲಿ ದಾಟಿ, ಮೇಲಿಂದ ಕೊಳಕ್ಕೆ ಹರಿಯಬೇಕು. ಹೊರಹೋಗುವ ಪೈಪ್ ಒಳಬರುವ ಪೈಪಿಗಿಂತ ದಪ್ಪ ಇರಲೇಬೇಕು. ಎರಡೂ ಒಂದೇ ಅಳತೆ ಇದ್ದರೆ ಸ್ವಲ್ಪ ಪಾಚಿ ಕಟ್ಟಿಕೊಂಡ ದಿನ ಡ್ರಮ್ಮು ತುಂಬಿ ಹೊರಚೆಲ್ಲುತ್ತದೆ, ಪಂಪ್ ನಿಷ್ಠೆಯಿಂದ ಕೊಳವನ್ನೇ ಖಾಲಿ ಮಾಡುತ್ತದೆ.

ಇದೇ ಕಾರಣಕ್ಕೆ ಪಂಪನ್ನು ತೀರಾ ತಳದಲ್ಲಿ ಇಡದೆ ಇಟ್ಟಿಗೆಯ ಮೇಲೆ ಸ್ವಲ್ಪ ಎತ್ತರಿಸಿ ಇಡಿ. ಪೈಪ್ ಕಳಚಿದರೂ ಅಡಿಯಲ್ಲಿ ಮೀನು ಬದುಕುವಷ್ಟು ನೀರು ಉಳಿಯುತ್ತದೆ. ತಳದ ಕೆಸರು ಸ್ವಲ್ಪ ಕಡಿಮೆ ಎಳೆಯುತ್ತದೆ ನಿಜ, ಅದನ್ನು ಬಲೆಯಿಂದ ತೆಗೆದರಾಯಿತು. ನೀರು ಮರಳಿ ಬೀಳುವ ಜಾಗ ಪಂಪಿನ ಎದುರು ತುದಿಯಲ್ಲಿರಲಿ, ಆಗಲೇ ಇಡೀ ಕೊಳ ಸುತ್ತುತ್ತದೆ.

ಪಂಪ್ ಹಗಲೂ ರಾತ್ರಿ ಓಡಬೇಕು. ರಾತ್ರಿ ಆಫ್ ಮಾಡಿ ಕರೆಂಟ್ ಉಳಿಸುವವರು, ಬ್ಯಾಟರಿ ಇಲ್ಲದ ಸೋಲಾರ್ ಪಂಪ್ ನಂಬಿದವರು ಇದನ್ನು ಗಮನಿಸಿ. ಗಿಡ, ಪಾಚಿ ಹಗಲಲ್ಲಿ ಆಮ್ಲಜನಕ ಕೊಡುತ್ತವೆ, ರಾತ್ರಿ ಅವೂ ಅದನ್ನೇ ಉಸಿರಾಡುತ್ತವೆ. ಕೊಳದಲ್ಲಿ ಆಮ್ಲಜನಕ ಅತಿ ಕಡಿಮೆ ಇರುವುದು ನಸುಕಿನಲ್ಲಿ. ಬೆಳಗ್ಗೆ ಎದ್ದು ನೋಡಿದರೆ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿವೆ ಅಂದರೆ ಇದೇ ವಿಷಯ. ನೀರು ಬಿಸಿಯಾದಷ್ಟೂ ಆಮ್ಲಜನಕ ಹಿಡಿದಿಡುವ ಶಕ್ತಿಯೂ ಕಡಿಮೆ: 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ, 30 ಡಿಗ್ರಿಯಲ್ಲಿ ಏಳೂವರೆ ಅಷ್ಟೇ. ಸೆಕೆಗಾಲದಲ್ಲಿ ಒಂದು ಏರ್ ಪಂಪ್ ಇದ್ದರೆ ನಿಶ್ಚಿಂತೆ. ಕರೆಂಟ್ ಹೋಗುವ ಕಡೆ ಬ್ಯಾಟರಿಯ ಏರ್ ಪಂಪ್ ಒಂದು ಇಟ್ಟುಕೊಳ್ಳಿ.

ಹಂತ 7: ಕರೆಂಟ್

ಇಲ್ಲಿ ಚೌಕಾಸಿ ಇಲ್ಲ. ಕೊಳದ ಲೈನಿಗೆ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಹಾಕಿಸಿ. ಕರೆಂಟ್ ನೀರಿಗೋ ಮೈಗೋ ಸೋರಿದ ತಕ್ಷಣ ಲೈನ್ ಕಡಿಯುವ ಸ್ವಿಚ್ಚು ಅದು. ಪ್ಲಗ್ ಮಳೆ ತಾಗದ ಡಬ್ಬದಲ್ಲಿರಲಿ. ನೀರಿಗೆ ಕೈ ಹಾಕುವ ಮೊದಲು ಪಂಪಿನ ಪ್ಲಗ್ ಕಿತ್ತಿಡಿ, ಪ್ರತಿ ಸಲವೂ. ಟೇಪ್ ಸುತ್ತಿದ ವೈರ್ ಜೋಡಣೆ ನೀರಿನ ಹತ್ತಿರ ಬೇಡವೇ ಬೇಡ. ಗೊತ್ತಿಲ್ಲದಿದ್ದರೆ ಎಲೆಕ್ಟ್ರಿಷಿಯನ್ ಕರೆಯಿರಿ.

ಹಂತ 8: ನೀರು ತುಂಬಿ, ಆಮೇಲೆ ಕಾಯಿರಿ

ಬಹುತೇಕ ಮೀನು ಸಾಯುವುದು ಈ ಹಂತ ಹಾರಿದ್ದರಿಂದ. ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮೊದಲು ಕ್ಲೋರಿನ್. ನಲ್ಲಿ ನೀರಿನಲ್ಲಿ ಕ್ರಿಮಿ ಕೊಲ್ಲಲು ಹಾಕಿರುತ್ತಾರೆ, ಅದು ಕಿವಿರನ್ನೂ ಸುಡುತ್ತದೆ. ಒಂದೆರಡು ದಿನ ತೆರೆದಿಟ್ಟು ಪಂಪ್ ಓಡಿಸಿದರೆ ಕ್ಲೋರಿನ್ ಹಾರಿಹೋಗುತ್ತದೆ. ಕೆಲವು ಕಡೆ ಕ್ಲೋರಮಿನ್ ಹಾಕುತ್ತಾರೆ, ಅದು ಹೀಗೆ ಸುಲಭವಾಗಿ ಹಾರುವುದಿಲ್ಲ, ಅದಕ್ಕೆ ಡಿಕ್ಲೋರಿನೇಟರ್ ದ್ರಾವಣವೇ ಬೇಕು. ನಿಮ್ಮ ನೀರಿನಲ್ಲಿ ಏನಿದೆ ಅಂತ ವಿಚಾರಿಸಿ.

ಇನ್ನು ಅಮೋನಿಯಾ. ಮೀನಿನ ಕಿವಿರಿನಿಂದ, ಹಿಕ್ಕೆಯಿಂದ, ಉಳಿದ ಆಹಾರ ಕೊಳೆತು ಅಮೋನಿಯಾ ಬರುತ್ತದೆ. ಇದು ವಿಷ. ಒಂದು ಜಾತಿಯ ಬ್ಯಾಕ್ಟೀರಿಯಾ ಇದನ್ನು ನೈಟ್ರೈಟ್ ಮಾಡುತ್ತದೆ. ಅದೂ ವಿಷವೇ, ರಕ್ತ ಆಮ್ಲಜನಕ ಹೊರದಂತೆ ಮಾಡುತ್ತದೆ. ಇನ್ನೊಂದು ಜಾತಿ ಅದನ್ನು ನೈಟ್ರೇಟ್ ಮಾಡುತ್ತದೆ. ಇದು ಅಷ್ಟು ಅಪಾಯವಲ್ಲ, ಗಿಡಗಳು ಹೀರಿಕೊಳ್ಳುತ್ತವೆ. ಹೊಸ ಕೊಳದಲ್ಲಿ ಈ ಬ್ಯಾಕ್ಟೀರಿಯಾಗಳೇ ಇರುವುದಿಲ್ಲ. ಅವು ಬೆಳೆದು ನೆಲೆಯಾಗಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು, ನೀರು ತಣ್ಣಗಿದ್ದರೆ ಇನ್ನೂ ನಿಧಾನ. ಗಾಜಿನ ಹಾಗೆ ತಿಳಿಯಾಗಿರುವ ಹೊಸ ನೀರಿನಲ್ಲಿ ಮೀನು ಸಾಯುವುದು ಇದಕ್ಕೇ. ತಿಳಿ ನೀರು ಬೇರೆ, ಒಳ್ಳೆ ನೀರು ಬೇರೆ.

ಹಾಗಾದರೆ ಮಾಡಬೇಕಾದ್ದೇನು? ಪಂಪ್, ಫಿಲ್ಟರ್ ಓಡಿಸಿ. ದಿನಾ ಚಿಟಿಕೆ ಮೀನಿನ ಆಹಾರ ಹಾಕಿ, ಅದು ಕೊಳೆತು ಬ್ಯಾಕ್ಟೀರಿಯಾಕ್ಕೆ ಅಮೋನಿಯಾ ಸಿಗುತ್ತದೆ. ಪರಿಚಯದವರ ಆರೋಗ್ಯವಾದ ಕೊಳದಿಂದ ಒಂದಿಷ್ಟು ಹಳೇ ಸ್ಪಂಜೋ ಜಲ್ಲಿಯೋ ತಂದು ನಿಮ್ಮ ಫಿಲ್ಟರಿಗೆ ಹಾಕಿದರೆ ಕೆಲಸ ಬಹಳ ಬೇಗ ಆಗುತ್ತದೆ. ಒದ್ದೆಯಾಗಿಯೇ ತನ್ನಿ, ಒಣಗಿದರೆ ಸತ್ತುಹೋಗುತ್ತವೆ. ದ್ರವದ ಟೆಸ್ಟ್ ಕಿಟ್ ಕೊಂಡು ವಾರಕ್ಕೆರಡು ಸಲ ನೋಡಿ. ಮೊದಲು ಅಮೋನಿಯಾ ಏರಿ ಇಳಿಯುತ್ತದೆ, ಆಮೇಲೆ ನೈಟ್ರೈಟ್ ಏರಿ ಇಳಿಯುತ್ತದೆ. ಎರಡೂ ಸೊನ್ನೆಗೆ ಬಂದು, ನೈಟ್ರೇಟ್ ಕಾಣಿಸಿಕೊಂಡ ಮೇಲೆ ಮೀನಿನ ಮಾತು.

ಅಮೋನಿಯಾ ಎಷ್ಟು ಅಪಾಯ ಅನ್ನುವುದು ಪಿಎಚ್ ಮೇಲೂ ನಿಂತಿದೆ. ಪಿಎಚ್ 7ರಿಂದ 8ಕ್ಕೆ ಏರಿದರೆ ಅದರ ವಿಷಕಾರಿ ರೂಪ ಹೆಚ್ಚುಕಡಿಮೆ ಹತ್ತು ಪಟ್ಟಾಗುತ್ತದೆ. ಅದೇ ಅಮೋನಿಯಾ ಪ್ರಮಾಣದಲ್ಲಿ ಒಬ್ಬರ ಮೀನು ಓಡಾಡಿಕೊಂಡಿದ್ದು ಇನ್ನೊಬ್ಬರದ್ದು ಸತ್ತರೆ ಆಶ್ಚರ್ಯ ಬೇಡ. ಹಸಿರು ಕೊಳದಲ್ಲಿ ಪಿಎಚ್ ಮಧ್ಯಾಹ್ನ ಏರಿ ನಸುಕಿಗೆ ಇಳಿಯುತ್ತದೆ, ಆದ್ದರಿಂದ ಪ್ರತಿ ಸಲ ಒಂದೇ ಹೊತ್ತಿಗೆ ಟೆಸ್ಟ್ ಮಾಡಿ.

ಹಂತ 9: ಗಿಡಗಳು

ನೀರಿನ ಮೇಲ್ಮೈಯ ಅರ್ಧದಷ್ಟು ಎಲೆಗಳಿಂದ ಮುಚ್ಚಿದರೆ ಪಾಚಿಗೆ ಬಿಸಿಲು ಸಿಗುವುದಿಲ್ಲ, ಮೀನಿಗೆ ನೆರಳು ಸಿಗುತ್ತದೆ. ನೈದಿಲೆ ಇದಕ್ಕೆ ಹೇಳಿಮಾಡಿಸಿದ್ದು. ತಾವರೆಯೂ ಆಗುತ್ತದೆ, ಆದರೆ ಅದರ ಗೆಡ್ಡೆ ಓಡುತ್ತದೆ, ಅಗಲದ ತೊಟ್ಟಿಯಲ್ಲೇ ಕಟ್ಟಿಹಾಕಿ. ಕುಂಡಕ್ಕೆ ಜೇಡಿಮಣ್ಣು ತುಂಬಿ ಮೇಲೆ ದಪ್ಪ ಜಲ್ಲಿ ಹಾಕಿ. ಕಾಂಪೋಸ್ಟ್, ಕೋಕೋಪೀಟ್ ಬೇಡ, ತೇಲುತ್ತದೆ, ಕೊಳೆಯುತ್ತದೆ. ನೀರೊಳಗೆ ಬೆಳೆಯುವ ಹಾರ್ನ್‌ವರ್ಟ್, ವ್ಯಾಲಿಸ್ನೇರಿಯಾ ನೈಟ್ರೇಟ್ ಹೀರುತ್ತವೆ. ಕೋಯಿ ಇದ್ದರೆ ಇವೆಲ್ಲ ಸಲಾಡ್ ಆಗುತ್ತವೆ, ಗಿಡಗಳನ್ನು ಫಿಲ್ಟರ್ ಪಕ್ಕ ಬೇರೆ ಜಲ್ಲಿ ತೊಟ್ಟಿಯಲ್ಲಿ ಬೆಳೆಸಿ, ನೀರು ಅದರ ಮೂಲಕ ಹಾದು ಬರಲಿ.

ನೀಲಿ ಹೂವಿನ ವಾಟರ್ ಹಯಸಿಂತ್ ಚೆನ್ನಾಗಿ ನೀರು ಶುದ್ಧ ಮಾಡುತ್ತದೆ, ಆದರೆ ನೋಡನೋಡುತ್ತ ಕೊಳ ಮುಚ್ಚಿಬಿಡುತ್ತದೆ. ಹಲವು ದೇಶಗಳಲ್ಲಿ ಅದನ್ನು ಬೆಳೆಸುವುದೇ ನಿಷಿದ್ಧ. ಬೆಳೆಸಿದರೆ ವಾರವಾರ ತೆಗೆದು ಗೊಬ್ಬರದ ಗುಂಡಿಗೆ ಹಾಕಿ, ಚರಂಡಿಗೆ ಎಸೆಯಬೇಡಿ.

ಹಂತ 10: ಮೀನು ಬಿಡುವುದು, ಊಟ

ಒಂದೇ ಸಲ ಎಲ್ಲ ಮೀನು ಬಿಡಬೇಡಿ. ಎರಡೋ ಮೂರೋ ಬಿಡಿ, ಎರಡು ಮೂರು ವಾರ ಟೆಸ್ಟ್ ನೋಡಿ, ಆಮೇಲೆ ಇನ್ನಷ್ಟು. ಬ್ಯಾಕ್ಟೀರಿಯಾ ಮೀನಿನ ಲೆಕ್ಕಕ್ಕೆ ತಕ್ಕಂತೆ ಬೆಳೆಯಲು ಹೊತ್ತು ಬೇಕು. ಚೀಲವನ್ನು ನೆರಳಿನಲ್ಲಿ ಹದಿನೈದು ಇಪ್ಪತ್ತು ನಿಮಿಷ ಕೊಳದ ಮೇಲೆ ತೇಲಿಸಿ, ಸ್ವಲ್ಪ ಸ್ವಲ್ಪ ಕೊಳದ ನೀರು ಸೇರಿಸಿ, ಆಮೇಲೆ ಮೀನನ್ನು ಬಲೆಯಿಂದ ಎತ್ತಿ ಬಿಡಿ. ಚೀಲದ ನೀರು ಕೊಳಕ್ಕೆ ಬೀಳಬಾರದು. ಈಗಾಗಲೇ ಮೀನು ಇರುವ ಕೊಳಕ್ಕೆ ಹೊಸದನ್ನು ತಂದರೆ ಎರಡರಿಂದ ನಾಲ್ಕು ವಾರ ಬೇರೆ ತೊಟ್ಟಿಯಲ್ಲಿಟ್ಟು ನೋಡಿ. ಒಂದು ರೋಗದ ಮೀನು ಇಡೀ ಕೊಳಕ್ಕೆ ಅಂಟಿಸುತ್ತದೆ.

ಊಟ: ಎರಡು ಮೂರು ನಿಮಿಷದಲ್ಲಿ ಖಾಲಿಯಾಗುವಷ್ಟು, ದಿನಕ್ಕೆ ಒಂದೋ ಎರಡೋ ಸಲ. ಮೀನು ಯಾವಾಗಲೂ ಹಸಿದ ಹಾಗೆ ನಟಿಸುತ್ತದೆ, ನಂಬಬೇಡಿ. ಗೋಲ್ಡ್‌ಫಿಶ್, ಕೋಯಿ ಇರುವ ನೀರು 10 ಡಿಗ್ರಿಗಿಂತ ಕೆಳಗಿಳಿದರೆ ಊಟ ನಿಲ್ಲಿಸಿ, ಆಗ ಅವಕ್ಕೆ ಜೀರ್ಣವಾಗುವುದಿಲ್ಲ. ಮೇಲೆ ಹೆಪ್ಪುಗಟ್ಟುವ ಕಡೆಯಾದರೆ ಗಾಳಿಗೆ ಒಂದು ತೂತು ಬಿಡಿ, ಮಂಜುಗಡ್ಡೆಯನ್ನು ಸುತ್ತಿಗೆಯಿಂದ ಒಡೆಯಬೇಡಿ.

ವಾರಕ್ಕೊಮ್ಮೆ ನೂರಕ್ಕೆ ಹತ್ತರಿಂದ ಇಪ್ಪತ್ತು ಭಾಗ ನೀರು ತೆಗೆದು ಹೊಸದು ಹಾಕಿ. ಆವಿಯಾದಷ್ಟು ತುಂಬುವುದು ಇದಕ್ಕೆ ಸಮ ಅಲ್ಲ. ಆವಿಯಾಗುವುದು ಬರೀ ನೀರು, ಕೊಳೆ ಅಲ್ಲೇ ಉಳಿದು ದಟ್ಟವಾಗುತ್ತದೆ. ನಲ್ಲಿಗೆ ಪೈಪ್ ಸಿಕ್ಕಿಸಿ ಒಳಗೆ ಹೋಗಿ ಮರೆಯಬೇಡಿ. ಇಡೀ ಕೊಳ ಕ್ಲೋರಿನ್ ನೀರಾಗುತ್ತದೆ. ಫೋನಿನಲ್ಲಿ ಅಲಾರಂ ಇಟ್ಟುಕೊಂಡೇ ನಲ್ಲಿ ತಿರುಗಿಸಿ. ಫಿಲ್ಟರ್ ಸ್ಪಂಜನ್ನು ಕೊಳದಿಂದ ತೆಗೆದ ನೀರಿನಲ್ಲೇ ಹಿಂಡಿ ತೊಳೆಯಿರಿ. ನಲ್ಲಿ ನೀರಿಗೆ ಹಿಡಿದರೆ ನೀವು ಆರು ವಾರ ಕಾದು ಸಾಕಿದ ಬ್ಯಾಕ್ಟೀರಿಯಾ ಅರ್ಧ ಗಂಟೆಯಲ್ಲಿ ಹೋಯಿತು.

ಹಳೆಯ ಕೊಳ ಸರಿಪಡಿಸುವುದು

ಇದಕ್ಕೂ ಒಂದು ಕ್ರಮ ಇದೆ. ಒಂದೇ ಭಾನುವಾರ ಎಲ್ಲ ಖಾಲಿ ಮಾಡಿ ಉಜ್ಜಿ ತೊಳೆದು ಹೊಸ ನೀರು ತುಂಬುವುದು ಅತಿ ಕೆಟ್ಟ ಉಪಾಯ. ಕೊಳ ಮತ್ತೆ ಹಂತ 8ಕ್ಕೆ ಬಂದು ನಿಲ್ಲುತ್ತದೆ, ಮೀನು ಒಳಗೇ ಇರುತ್ತದೆ.

1. ಮೊದಲು ಟೆಸ್ಟ್ ಮಾಡಿ. ಅಮೋನಿಯಾ ಅಥವಾ ನೈಟ್ರೈಟ್ ಕಂಡರೆ ಊಟ ನಿಲ್ಲಿಸಿ, ಕ್ಲೋರಿನ್ ತೆಗೆದ ನೀರಿನಿಂದ ಕಾಲು ಭಾಗದಷ್ಟು ಬದಲಿಸಿ, ಗಾಳಿ ಹೆಚ್ಚಿಸಿ. ನೈಟ್ರೈಟ್ ಆದರೆ 1000 ಲೀಟರಿಗೆ ಒಂದು ಕಿಲೋ ಸಾದಾ ಉಪ್ಪು ಕರಗಿಸಿ ಹಾಕುವುದು ಮೀನಿಗೆ ತಾತ್ಕಾಲಿಕ ರಕ್ಷಣೆ ಕೊಡುತ್ತದೆ. ಉಪ್ಪು ತಾನಾಗಿ ಹೋಗುವುದಿಲ್ಲ, ನೀರು ಬದಲಿಸಿದಾಗ ಮಾತ್ರ ಕಡಿಮೆಯಾಗುತ್ತದೆ. ಆದ್ದರಿಂದ ಮತ್ತೆ ಮತ್ತೆ ಹಾಕಬೇಡಿ.

2. ಮೀನು ಎಣಿಸಿ. ಹಂತ 1ರ ಲೆಕ್ಕಕ್ಕಿಂತ ಜಾಸ್ತಿ ಇದ್ದರೆ ಕೊಳ ಇರುವ ಯಾರಿಗಾದರೂ ಕೊಡಿ. ಇದನ್ನು ಮಾಡದೆ ಉಳಿದದ್ದೆಲ್ಲ ಮಾಡಿದರೂ ತೊಂದರೆ ಮರಳಿ ಬರುತ್ತದೆ.

3. ಹೂಳು ತೆಗೆಯಿರಿ, ಆದರೆ ಭಾಗ ಭಾಗವಾಗಿ. ಹಳೇ ಕೊಳದ ತಳದ ಕಪ್ಪು ಕೆಸರಿನಲ್ಲಿ ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಅನಿಲ ಇರುತ್ತದೆ. ಒಮ್ಮೆಗೇ ಕಲಕಿದರೆ ಮೀನು ಸಾಯುತ್ತದೆ. ವಾರಕ್ಕೆ ನಾಲ್ಕನೇ ಒಂದು ಭಾಗ ತೆಗೆದರೆ ಸಾಕು. ಕೆಸರು ಹೂಗಿಡಗಳಿಗೆ ಒಳ್ಳೆ ಗೊಬ್ಬರ.

4. ಹಸಿರು ನೀರು. ಇದು ತೇಲಾಡುವ ಏಕಕೋಶ ಪಾಚಿ. ಊಟ ಕಡಿಮೆ ಮಾಡಿ, ನೆರಳು ಹೆಚ್ಚಿಸಿ, ಆಗಲೂ ಹೋಗದಿದ್ದರೆ ಯುವಿ ಕ್ಲಾರಿಫೈಯರ್ ಹಾಕಿ. ಪಂಪಿನ ನೀರು ಅತಿನೇರಳೆ ದೀಪದ ಪಕ್ಕ ಹಾದುಹೋಗುವ ಕೊಳವೆ ಅದು. ದೀಪ ಉರಿಯುತ್ತಿದ್ದರೂ ಸುಮಾರು ವರ್ಷದ ನಂತರ ಅದರ ಶಕ್ತಿ ಇಳಿದಿರುತ್ತದೆ, ಬದಲಿಸಬೇಕು. ದೀಪವನ್ನು ಬರಿಗಣ್ಣಿನಿಂದ ನೋಡಬೇಡಿ. ಕಲ್ಲಿಗೆ ಅಂಟಿದ ಕೂದಲಿನಂಥ ಪಾಚಿಗೆ ಇದರಿಂದ ಏನೂ ಆಗುವುದಿಲ್ಲ, ಅದನ್ನು ಕೋಲಿಗೆ ಸುತ್ತಿ ಎಳೆದು ತೆಗೆಯಬೇಕು. ಪಾಚಿನಾಶಕ ಸುರಿಯುವ ಮೊದಲು ಯೋಚಿಸಿ. ಒಮ್ಮೆಗೇ ಸತ್ತ ಪಾಚಿ ಕೊಳೆಯುವಾಗ ನೀರಿನ ಆಮ್ಲಜನಕವನ್ನೆಲ್ಲ ತಿಂದುಹಾಕುತ್ತದೆ. ಪಕ್ಕದ ಗೋಡೆಗೆ ಅಂಟಿದ ತೆಳು ಹಸಿರು ಪದರ ಮಾತ್ರ ಇರಲಿ ಬಿಡಿ, ಅದರಲ್ಲೂ ಒಳ್ಳೆ ಬ್ಯಾಕ್ಟೀರಿಯಾ ಇರುತ್ತವೆ, ಉಜ್ಜುವುದು ಸುಮ್ನೆ ಕೆಲಸ.

5. ಕ್ಷಾರತೆ ನೋಡಿ. ಕೆಎಚ್ ಅಂತ ಕಿಟ್‌ನಲ್ಲಿ ಬರೆದಿರುತ್ತದೆ, ಪಿಎಚ್ ದಿಢೀರ್ ಕುಸಿಯದಂತೆ ಹಿಡಿದಿಡುವ ಗುಣ. ಬ್ಯಾಕ್ಟೀರಿಯಾ ಕೆಲಸ ಮಾಡುತ್ತಾ ಇದನ್ನು ಖರ್ಚು ಮಾಡುತ್ತವೆ. ಬರೀ ಮಳೆನೀರಿನಿಂದ ತುಂಬುವ ಕೊಳಗಳಲ್ಲಿ ಇದು ಮುಗಿದೇ ಹೋಗಿರುತ್ತದೆ. ಲೀಟರಿಗೆ 100 ಮಿಲಿಗ್ರಾಂ ಸುತ್ತಮುತ್ತ ಇರಲಿ. ಕಡಿಮೆ ಇದ್ದರೆ ಅಡುಗೆ ಸೋಡಾವನ್ನು ಬಕೆಟ್ಟಿನಲ್ಲಿ ಕರಗಿಸಿ ದಿನಕ್ಕೆ ಸ್ವಲ್ಪದಂತೆ ಹಾಕಿ, ನಡುವೆ ಟೆಸ್ಟ್ ಮಾಡುತ್ತಿರಿ. ನೀರಿನಲ್ಲಿ ಅಮೋನಿಯಾ ಇರುವಾಗ ಮಾತ್ರ ಅವಸರದಿಂದ ಹಾಕಬೇಡಿ, ಪಿಎಚ್ ಏರಿದರೆ ವಿಷ ಜಾಸ್ತಿಯಾಗುವುದನ್ನು ಮೇಲೆ ಹೇಳಿದ್ದೇನೆ.

6. ಹಕ್ಕಿ, ಬೆಕ್ಕು. ಕೊಕ್ಕರೆ, ಮಿಂಚುಳ್ಳಿ ಒಮ್ಮೆ ರುಚಿ ನೋಡಿದರೆ ಮತ್ತೆ ಬಂದೇ ಬರುತ್ತವೆ. ಗೊಂಬೆ ಕೊಕ್ಕರೆ ನಿಲ್ಲಿಸಿದರೆ ಕೆಲವೇ ದಿನ ಹೆದರುತ್ತವೆ. ಬಿಗಿಯಾಗಿ ಎಳೆದು ಕಟ್ಟಿದ ಬಲೆಯೇ ಗ್ಯಾರಂಟಿ. ಸಡಿಲ ಬಲೆಯಲ್ಲಿ ಹಕ್ಕಿಯೂ ಹಾವೂ ಸಿಕ್ಕಿಕೊಳ್ಳುತ್ತವೆ. ಮೀನಿಗೆ ಅಡಗಲು ತಳದಲ್ಲಿ ದಪ್ಪ ಪೈಪಿನ ತುಂಡೊಂದು ಹಾಕಿ.

7. ಸೋರಿಕೆ. ನೀರು ಇಳಿಯುತ್ತಿದೆ ಅಂದ ಕೂಡಲೇ ಲೈನರ್ ಮೇಲೆ ಅನುಮಾನ ಪಡಬೇಡಿ. ಒಂದು ಬಕೆಟ್ಟಿಗೆ ನೀರು ತುಂಬಿ ಕೊಳದ ಮೆಟ್ಟಿಲ ಮೇಲೆ ಇಡಿ, ಎರಡರ ಮಟ್ಟಕ್ಕೂ ಗುರುತು ಮಾಡಿ, ಒಂದು ದಿನ ಬಿಟ್ಟು ನೋಡಿ. ಎರಡೂ ಒಂದೇ ಸಮ ಇಳಿದಿದ್ದರೆ ಅದು ಬಿಸಿಲಿನ ಕೆಲಸ. ಕೊಳ ಮಾತ್ರ ಜಾಸ್ತಿ ಇಳಿದಿದ್ದರೆ ಏರ್ ಪಂಪ್ ಓಡಿಸಿಕೊಂಡು ನೀರಿನ ಪಂಪನ್ನು ಒಂದು ಹಗಲು ನಿಲ್ಲಿಸಿ ನೋಡಿ. ಇಳಿಯುವುದು ನಿಂತರೆ ತಪ್ಪು ಪೈಪಿನದು, ಫಿಲ್ಟರಿನದು, ಅಥವಾ ಜಲಪಾತದ ಅಂಚಿನಿಂದ ಹೊರಗೆ ಸಿಡಿಯುವ ನೀರಿನದು. ಹೆಚ್ಚಿನ ಸಲ ಇಲ್ಲೇ ಸಿಕ್ಕಿಬೀಳುತ್ತದೆ. ಆಗಲೂ ಇಳಿಯುತ್ತಿದ್ದರೆ ಎಲ್ಲಿ ನಿಲ್ಲುತ್ತದೋ ಅಲ್ಲಿಯವರೆಗೆ ಇಳಿಯಲು ಬಿಡಿ. ಮೀನಿಗೆ ಸಾಲದಷ್ಟು ಇಳಿದರೆ ಅಷ್ಟರೊಳಗೆ ಅವನ್ನು ಕೊಳದ ನೀರು ತುಂಬಿದ ತೊಟ್ಟಿಗೆ ಸಾಗಿಸಿ, ಏರ್ ಪಂಪ್ ಹಾಕಿ, ಮೇಲೆ ಬಲೆ ಮುಚ್ಚಿ. ನೀರು ನಿಂತ ಮಟ್ಟದ ಗೆರೆಯುದ್ದಕ್ಕೂ ಸುತ್ತ ಕೈಯಾಡಿಸಿ, ತೂತು ಆ ಗೆರೆಯ ಆಸುಪಾಸಿನಲ್ಲೇ ಇರುತ್ತದೆ. ಇಪಿಡಿಎಂ ಹಾಳೆಯಾದರೆ ಆ ಜಾಗವನ್ನು ಒಣಗಿಸಿ, ಉಜ್ಜಿ, ಅದಕ್ಕೆಂದೇ ಬರುವ ಪ್ರೈಮರ್ ಹಚ್ಚಿ ತೇಪೆ ಒತ್ತಿ. ತೇಪೆ ತೂತಿನ ಸುತ್ತ ಎಲ್ಲ ಕಡೆ ಎರಡು ಮೂರು ಇಂಚು ಹೊರಗೆ ಬರಲಿ, ಮೂಲೆಗಳನ್ನು ದುಂಡಗೆ ಕತ್ತರಿಸಿ. ಚೂಪು ಮೂಲೆಯ ತೇಪೆ ಅಲ್ಲಿಂದಲೇ ಏಳಲು ಶುರುವಾಗುತ್ತದೆ.